ಬಾಗಿಲು ತೆರೆದಿಡೋಣ: ಪಂಡಿತಾ ರಮಾಬಾಯಿಯವರ ಜೀವನದಿಂದ ತಂದೆತಾಯಿಗಳಿಗೆ ಒಂದು ಪಾಠ

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಧರ್ಮೋಪದೇಶಕಾಂಡ 6:4-9, 2 ತಿಮೊಥೆ 1:3-5

ಹೆಬ್ಬಾಳದ ಟ್ರಾಫಿಕ್ ದಾಟಿಕೊಂಡು, ಆರ್.ಟಿ. ನಗರದಿಂದ, ಯಶವಂತಪುರದಿಂದ ಬಂದಿದ್ದೀರಿ. ಇಲ್ಲೇ ಯಲಹಂಕದಿಂದ ನಡ್ಕೊಂಡು ಬಂದವರೂ ಇದ್ದೀರಿ. ನಮ್ಮನ್ನು ಈ ದಿನದ ತನಕ ಕಾಪಾಡಿದ ದೇವರಿಗೆ ಸ್ತೋತ್ರ. ಹಲ್ಲೆಲೂಯ.

ಸಂದೇಶಕ್ಕೆ ಹೋಗುವ ಮುಂಚೆ ನಿಮ್ಮ ಮುಂದೆ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಹೋದ ತಿಂಗಳು ನಮ್ಮ ಸಂಡೆ ಸ್ಕೂಲಿನಲ್ಲಿ ಕಂಠಪಾಠ ಸ್ಪರ್ಧೆ ಇತ್ತು. ನನ್ನ ಮಗಳು ಮೂರನೇ ಕ್ಲಾಸು. 23ನೇ ಕೀರ್ತನೆಯನ್ನು ಒಂದು ತಪ್ಪಿಲ್ಲದೆ ಹೇಳಿ ಬಹುಮಾನ ತಗೊಂಡಳು. ನನಗೆ ಬಹಳ ಸಂತೋಷ. ಪಾಸ್ಟರ್ ಮಗಳು ಅಂದ್ರೆ ಹೀಗಿರಬೇಕು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅದರ ಮುಂದಿನ ವಾರ ಟೀಚರಮ್ಮ ಮಕ್ಕಳಿಗೆ ಕಾಗದ, ಕ್ರೇಯಾನ್ ಕೊಟ್ಟು, ನಿಮ್ಮ ಮನೆಯಲ್ಲಿ ಪ್ರಾರ್ಥನೆ ಹೇಗೆ ನಡೆಯುತ್ತೆ ಅಂತ ಚಿತ್ರ ಬರೀರಿ ಅಂದರು. ಬೇರೆ ಮಕ್ಕಳು ಅಪ್ಪ, ಅಮ್ಮ, ಬೈಬಲ್, ಚಾಪೆ ಎಲ್ಲಾ ಬರೆದರು. ನನ್ನ ಮಗಳು ಬರೆದದ್ದು ಒಂದು ಬಾಗಿಲು. ಮುಚ್ಚಿದ ಬಾಗಿಲು. ಕಂದು ಬಣ್ಣ ಹಚ್ಚಿ, ಚಿಲಕ ಕೂಡ ಬರೆದಿದ್ದಳು. ಇದೇನಮ್ಮಾ ಅಂತ ಕೇಳಿದ್ದಕ್ಕೆ, ಒಳಗಡೆ ಅಪ್ಪ ಪ್ರಾರ್ಥನೆ ಮಾಡ್ತಿದ್ದಾರೆ, ಹೊರಗಡೆ ನಾವು ಶಬ್ದ ಮಾಡಬಾರದು ಅಂದಳಂತೆ.

ಪ್ರಿಯರೇ, ಆ ಚಿತ್ರ ಇವತ್ತಿಗೂ ನನ್ನ ಬೈಬಲಿನೊಳಗೆ ಇದೆ. ನಾನು ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆ ಮಾಡ್ತೇನೆ, ಸುಳ್ಳಲ್ಲ. ಆದರೆ ಎಂಟು ವರ್ಷದಿಂದ ಒಂದೇ ಮನೆಯಲ್ಲಿ ಇದ್ದರೂ, ತಂದೆ ದೇವರ ಹತ್ತಿರ ಮಾತಾಡೋದನ್ನು ನನ್ನ ಮಗಳು ನೋಡಿಲ್ಲ. ಸಭೆಯಲ್ಲಿ ಮೈಕ್ ಹಿಡಿದಾಗ ನೋಡಿದ್ದಾಳೆ, ಮನೆಯಲ್ಲಿ ನೋಡಿಲ್ಲ.

ಆ ವಾರ ನನಗೆ ನೆನಪಾದವರು ಪಂಡಿತಾ ರಮಾಬಾಯಿ. ಬೈಬಲ್ ಕಾಲೇಜಿನಲ್ಲಿ ಅವರ ಬಗ್ಗೆ ಓದಿ ಪರೀಕ್ಷೆ ಬರೆದು ಮರೆತಿದ್ದೆ. ಈಗ ಮತ್ತೆ ಓದಿದೆ. ಅವರ ಜೀವನವನ್ನು ಇವತ್ತು ನಿಮಗೆ ಹೇಳಬೇಕು ಅಂತ ಕರ್ತನು ನನ್ನ ಹೃದಯದಲ್ಲಿ ಇಟ್ಟಿದ್ದಾನೆ.

ರಮಾಬಾಯಿ ಅಂದ ಕೂಡಲೇ ನಾವು ಮಹಾರಾಷ್ಟ್ರದವರು ಅಂತೀವಿ. ಆದರೆ ಅವರು ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿ. 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗಾ, ಭದ್ರಾ ನದಿಗಳು ಹುಟ್ಟುವ ಜಾಗ ಅದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರ ಮಾಳ ಅನ್ನುವ ಊರಿನ ಕಡೆಯ ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಣ್ಣುಮಕ್ಕಳು ಸಂಸ್ಕೃತ ಕಲಿಯಬಾರದು ಅನ್ನುವ ಕಾಲದಲ್ಲಿ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಉಡುಪಿಯ ಪಂಡಿತರ ಮುಂದೆ ಅದಕ್ಕೆ ಉತ್ತರ ಕೊಡಬೇಕಾಗಿ ಬಂತು. ಆದರೂ ಬಿಡಲಿಲ್ಲ.

ರಮಾ ಕೆಲವೇ ತಿಂಗಳ ಮಗು ಇದ್ದಾಗ ಆ ಕುಟುಂಬ ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ತಲೆ ಮೇಲೆ ಹೊತ್ತುಕೊಂಡು ಬೆಟ್ಟ ಇಳಿದರು. ಆಮೇಲೆ ಮನೆ ಅನ್ನೋದೇ ಇಲ್ಲ. ಊರಿಂದ ಊರಿಗೆ, ಪುರಾಣ ಓದಿ ಹೇಳಿ ಜೀವನ. ಶಾಲೆ ಎಲ್ಲಿಂದ ಬರಬೇಕು? ತಾಯಿಯೇ ಶಾಲೆ. ಹಗಲೆಲ್ಲಾ ಕೆಲಸ ಇರುತ್ತಲ್ಲ, ಅದಕ್ಕೆ ಲಕ್ಷ್ಮೀಬಾಯಿ ಬೆಳಗಾಗುವ ಮುಂಚೆ, ಹಕ್ಕಿಗಳು ಕೂಗುವ ಹೊತ್ತಿಗೆ ಮಗಳನ್ನು ಎಬ್ಬಿಸುತ್ತಿದ್ದರು. ಗದರಿ ಅಲ್ಲ. ಎತ್ತಿ ತೊಡೆ ಮೇಲೆ ಕೂರಿಸಿ, ಮುದ್ದು ಮಾಡಿ, ನಿದ್ದೆ ಬಿಡಿಸಿ. ಕೈಯಲ್ಲಿ ಪುಸ್ತಕ ಇಲ್ಲ. ತಾಯಿ ಹೇಳೋದು, ಮಗಳು ತಿರುಗಿ ಹೇಳೋದು. ಹೀಗೆ ಕಲಿತ ಆ ಹುಡುಗಿಗೆ ಭಾಗವತದ ಸಾವಿರಾರು ಶ್ಲೋಕಗಳು ಬಾಯಿಗೆ ಬಂದವು.

ಆ ತಾಯಿ ನಮ್ಮ ನಂಬಿಕೆಯವರಲ್ಲ. ತಾನು ಸತ್ಯ ಅಂತ ನಂಬಿದ್ದನ್ನು ಪೂರ್ಣ ಮನಸ್ಸಿನಿಂದ ಮಗಳಿಗೆ ಕೊಟ್ಟರು. ನಾನು ಅವರನ್ನು ಗೌರವದಿಂದ ನೆನೆಸುತ್ತೇನೆ, ಸ್ವಲ್ಪ ನಾಚಿಕೆಯಿಂದಲೂ ನೆನೆಸುತ್ತೇನೆ. ಧರ್ಮೋಪದೇಶಕಾಂಡ 6ರಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಕ್ರಮ ಏನು? ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಹತ್ತಿರ ಮಾತಾಡಬೇಕು. ಮನೆಯೇ ಇಲ್ಲದ ಒಬ್ಬ ತಾಯಿ ದಾರಿಯಲ್ಲಿ ಅದನ್ನು ಮಾಡಿದರು. ಎರಡು ಬೆಡ್‌ರೂಮ್ ಮನೆ ಇರುವ ನನ್ನ ಕೈಲಿ ಆಗಲಿಲ್ಲ.

ರಮಾಬಾಯಿಗೆ ಹದಿನಾರು ವರ್ಷ ಆಗುವಷ್ಟರಲ್ಲಿ ಬರ ಬಂತು. 1874ರಲ್ಲಿ ತಂದೆ ತೀರಿಕೊಂಡರು. ಸಾಯುವ ಮುಂಚೆ ಕಣ್ಣು ಕಾಣದ ಆ ಮುದುಕ ಚಿಕ್ಕ ಮಗಳನ್ನು ಅಪ್ಪಿಕೊಂಡು, ನಿನ್ನನ್ನು ಎಷ್ಟು ಪ್ರೀತಿಸಿದೆ, ಒಳ್ಳೇ ದಾರಿ ಬಿಡಬೇಡ, ದೇವರ ಸೇವೆ ಮಾಡು ಅನ್ನುವ ಅರ್ಥದಲ್ಲಿ ಮಾತಾಡಿದ್ದನ್ನು ರಮಾಬಾಯಿ ಮುಪ್ಪಿನವರೆಗೂ ಮರೆಯಲಿಲ್ಲ. ಕೆಲವೇ ವಾರಗಳಲ್ಲಿ ತಾಯಿಯೂ ಹೋದರು, ಆಮೇಲೆ ಅಕ್ಕನೂ ಹೋದಳು. ಉಳಿದದ್ದು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲಿ ಸಾವಿರಾರು ಮೈಲಿ ಅಲೆದರು. 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿನ ವಿದ್ವಾಂಸರು ಈ ಹುಡುಗಿಯ ಪಾಂಡಿತ್ಯ ನೋಡಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅನ್ನುವ ಬಂಗಾಳಿ ವಕೀಲರ ಜೊತೆ, ಜಾತಿ ಬೇರೆ ಆದರೂ, ಮದುವೆ ಆಯಿತು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ಹೋದರು. ಮಗುವಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಗಂಡನ ಮನೆಯಲ್ಲಿದ್ದಾಗಲೇ ಅವರ ಕೈಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಒಂದು ಸಣ್ಣ ಪುಸ್ತಕ ಸಿಕ್ಕಿತ್ತು. ಹೇಗೆ ಬಂತು ಅಂತ ಅವರಿಗೇ ಗೊತ್ತಿಲ್ಲ. ದೇವರ ವಾಕ್ಯ ಸದ್ದಿಲ್ಲದೆ ಮನೆಯೊಳಗೆ ಬಂದು ಕಾಯುತ್ತೆ, ಪ್ರಿಯರೇ.

1883ರಲ್ಲಿ ಮಗಳನ್ನು ಕರ್ಕೊಂಡು ಇಂಗ್ಲೆಂಡಿಗೆ ಹೋದರು. ವಾಂಟೇಜ್ ಅನ್ನುವ ಊರಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಮದಲ್ಲಿ ಇದ್ದರು. ದಾರಿ ತಪ್ಪಿದ ಹೆಣ್ಣುಮಕ್ಕಳನ್ನು ಆ ಸಹೋದರಿಯರು ಪ್ರೀತಿಯಿಂದ ಎತ್ತಿ ನಿಲ್ಲಿಸುವುದನ್ನು ಕಣ್ಣಾರೆ ಕಂಡು, ಇವರು ಹೀಗಿರಲು ಕಾರಣ ಕ್ರಿಸ್ತನೇ ಅಂತ ತಿಳಿದರು. ಆ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನ ಆಯಿತು.

ಇಲ್ಲಿ ಒಂದು ಸಂಗತಿ ಗಮನಿಸಿ. ಮನೋರಮಾಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಅನ್ನುವ ವಿಷಯದಲ್ಲಿ ರಮಾಬಾಯಿಗೂ ಆ ಸಹೋದರಿಯರಿಗೂ ಭಿನ್ನಾಭಿಪ್ರಾಯ ಬಂತು. ಪತ್ರಗಳಲ್ಲಿ ಅದು ನಡೆಯಿತು. ಅವರು ಸಹಾಯ ಮಾಡಿದವರು, ಆಶ್ರಯ ಕೊಟ್ಟವರು. ಅವರ ಮೇಲೆ ರಮಾಬಾಯಿಗೆ ಗೌರವ ಇತ್ತು. ಓದಿಗಾಗಿ, ಪ್ರಯಾಣಕ್ಕಾಗಿ ಮಗುವನ್ನು ಅವರ ಹತ್ತಿರ ಬಿಟ್ಟು ಇರಬೇಕಾದ ದಿನಗಳೂ ಇದ್ದವು. ಆದರೂ ಮಗಳ ಆತ್ಮದ ಹೊಣೆ ತಾಯಿಯಾದ ತನ್ನದು, ಅದನ್ನು ಪೂರ್ತಿಯಾಗಿ ಇನ್ನೊಬ್ಬರಿಗೆ ಒಪ್ಪಿಸಿಬಿಡಲು ಆಗಲ್ಲ ಅನ್ನೋದು ಅವರ ನಿಲುವು.

ನಾವು ಏನು ಮಾಡ್ತೀವಿ? ಒಪ್ಪಿಸಿಬಿಡ್ತೀವಿ. ಟ್ಯೂಷನ್‌ಗೆ ಬಿಟ್ಟ ಹಾಗೆ ಸಂಡೆ ಸ್ಕೂಲಿಗೆ ಬಿಡ್ತೀವಿ. ವಾರಕ್ಕೆ 168 ಗಂಟೆ. ಅದರಲ್ಲಿ ಸಂಡೆ ಸ್ಕೂಲ್ ಒಂದು ಗಂಟೆ. ನಮ್ಮ ಟೀಚರ್‌ಗಳು ಎಷ್ಟು ಪ್ರಯಾಸ ಪಡ್ತಾರೆ ಅಂತ ನನಗೆ ಗೊತ್ತು. ವಿಬಿಎಸ್ ಬಂದರೆ ಆಫೀಸಿಗೆ ರಜೆ ಹಾಕಿ ಬರ್ತಾರೆ. ಆದರೆ ಸತ್ಯ ಹೇಳಬೇಕು ಅಂತ ಒಂದು ಗಂಟೆ ಕಲಿತ ಮಗು, ಮನೆಗೆ ಹೋದ ಮೇಲೆ ಫೋನಿನಲ್ಲಿ ಅಪ್ಪ ಯಲಹಂಕದಲ್ಲಿ ಕೂತುಕೊಂಡು ಹೆಬ್ಬಾಳ ಫ್ಲೈಓವರ್ ಮೇಲೆ ಇದ್ದೀನಿ ಅಂತ ಹೇಳೋದನ್ನು ಕೇಳಿದರೆ, ಯಾವ ಪಾಠ ಉಳಿಯುತ್ತೆ? ನೀವೇ ಹೇಳಿ.

ಇನ್ನೊಂದು ಮಾತು. ದೀಕ್ಷಾಸ್ನಾನ ಆಗಿ ಸುಮಾರು ಎಂಟು ವರ್ಷ ಆದ ಮೇಲೆ ರಮಾಬಾಯಿ ಒಂದು ಸತ್ಯ ಕಂಡುಕೊಂಡರು. ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನು ಸಿಕ್ಕಿಲ್ಲ ಅಂತ. ಅಷ್ಟು ಓದಿದವರು, ಸಂಸ್ಕೃತ ಬಲ್ಲವರು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಇದ್ದವರು, ಇದನ್ನು ಬಚ್ಚಿಡಲಿಲ್ಲ. ಆಮೇಲೆ ಅವರು ರಕ್ಷಕನನ್ನೇ ವೈಯಕ್ತಿಕವಾಗಿ ಹಿಡಿದುಕೊಂಡರು. ನಮ್ಮ ಮಕ್ಕಳು ಸಭೆಯಲ್ಲೇ ಬೆಳೆದಿದ್ದಾರೆ. ಹಾಡು ಗೊತ್ತು, ವಾಕ್ಯ ಗೊತ್ತು, ಯಾವಾಗ ಆಮೆನ್ ಅನ್ನಬೇಕು ಅಂತಲೂ ಗೊತ್ತು. ಯೇಸು ಗೊತ್ತಾ? ಕಂಠಪಾಠದ ಬಹುಮಾನ ನೋಡಿ ನಾನು ಮೋಸ ಹೋದ ಹಾಗೆ ನೀವು ಹೋಗಬೇಡಿ.

ಈಗ ನಾನು ಹೇಳಬೇಕಾದ ಮುಖ್ಯ ಘಟನೆಗೆ ಬರ್ತೀನಿ.

ಅಮೆರಿಕಕ್ಕೆ ಹೋಗಿ, ಅಲ್ಲಿನ ಜನರ ಸಹಾಯ ಪಡೆದು, 1889ರ ಮಾರ್ಚ್ 11ರಂದು ರಮಾಬಾಯಿ ಮುಂಬೈಯಲ್ಲಿ ಶಾರದಾ ಸದನ ಅನ್ನುವ ಶಾಲೆ ತೆರೆದರು. ಮುಂದಿನ ವರ್ಷ ಅದು ಪುಣೆಗೆ ಬಂತು. ಅಲ್ಲಿದ್ದವರಲ್ಲಿ ಬಹಳ ಮಂದಿ ಬಾಲವಿಧವೆಯರು. ಎಂಟು, ಹತ್ತು, ಹನ್ನೆರಡು ವರ್ಷಕ್ಕೇ ಗಂಡನನ್ನು ಕಳಕೊಂಡು, ತಲೆ ಬೋಳಿಸಿಕೊಂಡು, ಮನೆಯ ಮೂಲೆ ಸೇರಿದ ಮಕ್ಕಳು. ಆ ಶಾಲೆಗೆ ಒಂದು ನಿಯಮ ಇತ್ತು. ಯಾವ ಮಗುವಿಗೂ ಧರ್ಮವನ್ನು ಒತ್ತಾಯ ಮಾಡಬಾರದು. ಅವರವರ ಆಚಾರ, ಅವರವರ ಪೂಜೆ ಅವರು ಮಾಡಿಕೊಳ್ಳಬಹುದು. ರಮಾಬಾಯಿ ಇದಕ್ಕೆ ಮಾತು ಕೊಟ್ಟಿದ್ದರು, ಆ ಪ್ರಕಾರ ನಡೆದರು.

ಆದರೆ ಬೆಳಿಗ್ಗೆ ಹೊತ್ತು ತಮ್ಮ ಸ್ವಂತ ಕೋಣೆಯಲ್ಲಿ ಮಗಳು ಮನೋರಮಾಳನ್ನು ಕೂರಿಸಿಕೊಂಡು ಬೈಬಲ್ ಓದಿ ಪ್ರಾರ್ಥನೆ ಮಾಡ್ತಿದ್ದರು. ಕೋಣೆಯ ಬಾಗಿಲು ತೆರೆದೇ ಇರ್ತಿತ್ತು. ಬನ್ನಿ ಅಂತ ಯಾರನ್ನೂ ಕರೆಯಲಿಲ್ಲ. ಬರಬೇಡಿ ಅಂತ ಬಾಗಿಲು ಹಾಕಲೂ ಇಲ್ಲ. ಮೊದಲು ಒಂದಿಬ್ಬರು ಹುಡುಗಿಯರು ಬಂದು ಕೂತರು, ಆಮೇಲೆ ಇನ್ನಷ್ಟು ಮಂದಿ. ತಮ್ಮನ್ನು ಪ್ರೀತಿಯಿಂದ ನೋಡಿಕೊಳ್ಳುವ ಈ ತಾಯಿ ಬೆಳಿಗ್ಗೆ ಬೆಳಿಗ್ಗೆ ಯಾರ ಹತ್ತಿರ ಮಾತಾಡ್ತಾಳೆ ಅಂತ ನೋಡುವ ಆಸೆ ಅವರಿಗೆ.

ಊರಲ್ಲಿ ಗಲಾಟೆ ಎದ್ದಿತು. ಪತ್ರಿಕೆಗಳಲ್ಲಿ ಬಂತು. 1893ರಲ್ಲಿ ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್‌ಕರ್ ಅಂಥ ದೊಡ್ಡ ಸುಧಾರಕರೇ ರಾಜೀನಾಮೆ ಕೊಟ್ಟರು. ಪೋಷಕರು ಎಷ್ಟೋ ಹುಡುಗಿಯರನ್ನು ಶಾಲೆಯಿಂದ ಕರ್ಕೊಂಡು ಹೋದರು. ಆ ಪೋಷಕರ ಭಯವನ್ನು ನಾವು ಹಗುರವಾಗಿ ನೋಡಬಾರದು. ನನ್ನ ಮಗಳನ್ನು ನಾನು ಒಂದು ಶಾಲೆಗೆ ಕಳಿಸಿದರೆ ನನಗೂ ಅದೇ ಚಿಂತೆ ಇರ್ತಿತ್ತು. ರಮಾಬಾಯಿಗೆ ಒಂದು ಸುಲಭ ದಾರಿ ಇತ್ತು. ಬಾಗಿಲು ಹಾಕಿಕೊಂಡಿದ್ದರೆ ಸಾಕು, ಗಲಾಟೆ ನಿಲ್ಲುತ್ತಿತ್ತು, ಹಣ ಬರುತ್ತಿತ್ತು, ಹೆಸರು ಉಳಿಯುತ್ತಿತ್ತು. ಅವರು ಹಾಕಲಿಲ್ಲ. ಒತ್ತಾಯ ಮಾಡಲ್ಲ, ಬಚ್ಚಿಡೋದೂ ಇಲ್ಲ, ಇದು ಅವರ ನಿಲುವು. ಅದಕ್ಕೆ ಅವರು ಬೆಲೆ ಕೊಟ್ಟರು.

ನಿಮ್ಮಲ್ಲಿ ಕೆಲವರು ಕೇಳಬಹುದು. ಪಾಸ್ಟರ್, ಮತ್ತಾಯ 6ರಲ್ಲಿ ಬಾಗಿಲು ಮುಚ್ಚಿ ಪ್ರಾರ್ಥಿಸುವ ಬಗ್ಗೆ ಕರ್ತನೇ ಕಲಿಸಿದ್ದಾನಲ್ಲಾ? ನಾನೂ ನನ್ನ ಮನಸ್ಸಿಗೆ ಅದೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಆ ಭಾಗ ಪೂರ್ತಿ ಓದಿ. ಬೀದಿಯ ಮೂಲೆಯಲ್ಲಿ ಜನ ನೋಡಲಿ, ಹೊಗಳಲಿ ಅಂತ ಪ್ರಾರ್ಥಿಸುವ ಕಪಟಿಗಳ ಬಗ್ಗೆ ಕರ್ತನು ಅಲ್ಲಿ ಮಾತಾಡಿದ್ದು. ಮಕ್ಕಳು ಅಡ್ಡ ಬರ್ತಾರೆ ಅಂತ ಚಿಲಕ ಹಾಕುವುದಕ್ಕೆ ಅದು ಅನುಮತಿ ಅಲ್ಲ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಅದೇ ಕರ್ತನು ಬೇಸರಪಟ್ಟನು. ಪ್ರಾರ್ಥನೆ ಕಲಿಸು ಅಂತ ಶಿಷ್ಯರು ಕೇಳಿದ್ದು ಯಾವಾಗ? ಯೇಸು ಪ್ರಾರ್ಥನೆ ಮಾಡೋದನ್ನು ಅವರು ನೋಡಿದ ಮೇಲೆ. ಲೂಕ 11 ನೋಡಿ.

ಮುಂದಿನ ಕಥೆ ನಮ್ಮ ಪೆಂತೆಕೊಸ್ತ್ ಸಭೆಗಳಿಗೆ ಪ್ರಿಯವಾದ ಕಥೆ. 1896-97ರಲ್ಲಿ ಮಧ್ಯ ಭಾರತದಲ್ಲಿ ಭೀಕರ ಬರ. ತಾನು ಹದಿನಾರನೇ ವಯಸ್ಸಿನಲ್ಲಿ ಹಸಿದದ್ದನ್ನು ರಮಾಬಾಯಿ ಮರೆತಿರಲಿಲ್ಲ. ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರ್ಕೊಂಡು ಬಂದರು. ಪುಣೆಯಲ್ಲಿ ಪ್ಲೇಗ್ ಇದ್ದದ್ದರಿಂದ ಊರೊಳಗೆ ಇಟ್ಟುಕೊಳ್ಳಲು ಆಗಲಿಲ್ಲ. ಕೇಡಗಾಂವ್ ಅನ್ನುವ ಹಳ್ಳಿಯಲ್ಲಿ ತಾವು ಕೊಂಡಿದ್ದ ಜಮೀನಿಗೆ ಕರ್ಕೊಂಡು ಹೋದರು. ಅದೇ ಮುಕ್ತಿ ಮಿಷನ್. ನಮ್ಮ ಯಲಹಂಕದ ಮೇಲೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ, ದೌಂಡ್ ದಾಟಿ ಪುಣೆಗೆ ಹೋಗುತ್ತಲ್ಲ, ಆ ದೌಂಡ್‌ಗೂ ಪುಣೆಗೂ ನಡುವೆ ಕೇಡಗಾಂವ್ ಸಿಗುತ್ತೆ. 1900ರ ಗುಜರಾತ್ ಬರ ಆದ ಮೇಲೆ ಅಲ್ಲಿ ಸುಮಾರು 2000 ಮಂದಿ ಇದ್ದರು.

ಆ ಮಕ್ಕಳಿಗೆ ಬರೀ ಪ್ರಸಂಗ ಕೇಳಿಸಲಿಲ್ಲ. ಮೊದಲು ಊಟ, ಸ್ನಾನ, ಔಷಧಿ. ಆಮೇಲೆ ಓದು, ಮಗ್ಗ, ಹೊಲದ ಕೆಲಸ, ಹೈನುಗಾರಿಕೆ, ಪ್ರಿಂಟಿಂಗ್ ಪ್ರೆಸ್. ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್. 1905ರ ಆರಂಭದಲ್ಲಿ ಸುಮಾರು 70 ಮಂದಿ ಪ್ರತಿದಿನ ಪ್ರಾರ್ಥನೆಗೆ ಕೂಡಲು ಶುರು ಮಾಡಿದರು. ಅದು ನೂರಾರು ಮಂದಿ ಆಯಿತು. ಆ ವರ್ಷ ಜೂನ್ ಕೊನೆಯಲ್ಲಿ ಪವಿತ್ರಾತ್ಮನು ಬಲವಾಗಿ ಇಳಿದು ಬಂದನು. ಹುಡುಗಿಯರು ಪಾಪ ಅರಿಕೆ ಮಾಡಿ ಅತ್ತರು, ಆನಂದದಿಂದ ತುಂಬಿದರು. ಅಮೆರಿಕದ ಅಜೂಸಾ ಬೀದಿಯ ಉಜ್ಜೀವನ 1906ರಲ್ಲಿ. ಅದಕ್ಕಿಂತ ಮುಂಚೆ ನಮ್ಮ ದೇಶದ ಅನಾಥ ಹೆಣ್ಣುಮಕ್ಕಳ ಮೇಲೆ ದೇವರು ಇಳಿದನು. ಸ್ತೋತ್ರ, ಹಲ್ಲೆಲೂಯ!

ಆದರೆ ಪ್ರಿಯರೇ, ನಾವು ಬೆಂಕಿ ಬಿದ್ದ ರಾತ್ರಿಯ ಬಗ್ಗೆ ಮಾತ್ರ ಸಾಕ್ಷಿ ಹೇಳ್ತೀವಿ. ಅದರ ಹಿಂದೆ ಎಂಟು ವರ್ಷ ಪ್ರತಿದಿನ ರೊಟ್ಟಿ ಸುಟ್ಟು, ಹೇನು ತೆಗೆದು, ಅಕ್ಷರ ಕಲಿಸಿ, ಜೊತೆಯಲ್ಲಿ ಕೂತು ಪ್ರಾರ್ಥಿಸಿದ ದಿನಗಳಿವೆ. ನಮ್ಮ ಮಕ್ಕಳು ಪವಿತ್ರಾತ್ಮಭರಿತರಾಗಲಿ ಅಂತ ಉಪವಾಸ ಕೂಟದಲ್ಲಿ ಅಳ್ತೀವಿ, ಅದು ಬೇಕು. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅವರ ಪಕ್ಕದಲ್ಲಿ ಕೂರುವುದೂ ಬೇಕು.

ಮನೋರಮಾ ಏನಾದಳು? ತಾಯಿಯ ಬಲಗೈ ಆದಳು. 1912ರ ಹೊತ್ತಿಗೆ ನಮ್ಮ ಕಲಬುರಗಿಯಲ್ಲಿ ತಾಯಿಯ ಸಹಾಯದಿಂದ ಕ್ರೈಸ್ತ ಹೈಸ್ಕೂಲ್ ಶುರುವಾಯಿತು, ಮನೋರಮಾ ಅದನ್ನು ನಡೆಸಿದರು. ತನ್ನ ನಂತರ ಮುಕ್ತಿಯ ಕೆಲಸವನ್ನು ಇವಳೇ ನೋಡಿಕೊಳ್ತಾಳೆ ಅಂತ ತಾಯಿ ನಂಬಿದ್ದರು. ಹಾಗಾಗಲಿಲ್ಲ. 1921ರ ಜುಲೈಯಲ್ಲಿ, ನಲವತ್ತನೇ ವಯಸ್ಸಿನಲ್ಲಿ ಮನೋರಮಾ ತೀರಿಕೊಂಡರು. ಮಗಳನ್ನು ಮಣ್ಣು ಮಾಡಿದ ಮೇಲೂ ರಮಾಬಾಯಿ ಒಂದು ಕೆಲಸ ಬಿಡಲಿಲ್ಲ. ಹೀಬ್ರು, ಗ್ರೀಕ್ ಕಲಿತು, ಓದುಬರಹ ಕಡಿಮೆ ಇರುವ ಹೆಂಗಸರಿಗೂ ಅರ್ಥವಾಗುವ ಸರಳ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದ ಮಾಡ್ತಿದ್ದರು. ಮುಕ್ತಿಯ ಹೆಣ್ಣುಮಕ್ಕಳೇ ಅದರ ಅಚ್ಚು ಜೋಡಿಸುತ್ತಿದ್ದರು. ಆ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು. ಪುಸ್ತಕ ಹೊರಬಂದದ್ದು 1924ರಲ್ಲಿ.

ಮಕ್ಕಳನ್ನು ನಂಬಿಕೆಯಲ್ಲಿ ಬೆಳೆಸಿದರೆ ಎಲ್ಲಾ ನಾವು ಅಂದುಕೊಂಡ ಹಾಗೇ ಆಗುತ್ತೆ ಅಂತ ನಾನು ನಿಮಗೆ ಹೇಳಲ್ಲ. ರಮಾಬಾಯಿಗೆ ಹಾಗಾಗಲಿಲ್ಲ. ಆದರೆ ಮಗಳಿಗಾಗಿ ತೆರೆದಿಟ್ಟ ಬಾಗಿಲಿನಿಂದ ಎಷ್ಟೋ ಹೆಣ್ಣುಮಕ್ಕಳು ಒಳಗೆ ಬಂದರು.

ಮನೆಗೆ ಹೋದ ಮೇಲೆ ಮಾಡುವುದಕ್ಕೆ ಮೂರು ಮಾತು ಹೇಳಿ ಮುಗಿಸ್ತೀನಿ.

ಒಂದು, ನಿಮ್ಮ ಪ್ರಾರ್ಥನೆ ಮಕ್ಕಳ ಕಣ್ಣಿಗೆ ಬೀಳಲಿ. ಏರ್‌ಪೋರ್ಟ್ ಕ್ಯಾಬ್ ಓಡಿಸುವ ಸಹೋದರರು ಇದ್ದೀರಿ, ರಾತ್ರಿ ಶಿಫ್ಟ್ ಇರುವ ಸಹೋದರಿಯರು ಇದ್ದೀರಿ. ಬೆಳಿಗ್ಗೆ ಆಗದಿದ್ದರೆ ಊಟದ ಮುಂಚೆ, ಇಲ್ಲಾ ಶಾಲೆಗೆ ಬಿಡುವಾಗ ಸ್ಕೂಟರ್ ಸ್ಟಾರ್ಟ್ ಮಾಡುವ ಮುಂಚೆ. ಐದು ನಿಮಿಷ ಸಾಕು. ಮಕ್ಕಳು ಇಂಗ್ಲಿಷ್ ಮೀಡಿಯಂ, ಕನ್ನಡ ಬೈಬಲ್ ಓದೋಕೆ ಬರಲ್ಲ ಅಂತ ಬಿಡಬೇಡಿ. ಅವರ ಜೊತೆ ದಿನಕ್ಕೆ ಎರಡು ವಾಕ್ಯ ಓದಿ, ಸರಳವಾಗಿ ಅರ್ಥ ಹೇಳಿ.

ಎರಡು, ಒತ್ತಾಯ ಬೇಡ. ಹದಿನೈದು ವರ್ಷದ ಮಗ ಕುಟುಂಬ ಪ್ರಾರ್ಥನೆಗೆ ಬರಲ್ಲ ಅಂದರೆ ಕೂಗಾಡಬೇಡಿ, ಅವನ ಮೊಬೈಲ್ ಕಿತ್ತುಕೊಂಡು ಎಳೆದು ತರಬೇಡಿ. ಅವನಿಗೆ ಕೇಳಿಸುವ ಹಾಗೆ, ಅವನ ಹೆಸರು ಹೇಳಿ, ಪ್ರೀತಿಯಿಂದ ಪ್ರಾರ್ಥಿಸಿ. ಪಕ್ಕದ ಮನೆ ಮಕ್ಕಳು ನಮ್ಮ ಸಂಡೆ ಸ್ಕೂಲಿಗೆ ಬಂದರೆ ಅವರ ತಂದೆತಾಯಿಗೆ ಗೊತ್ತಿರಲಿ, ಅವರ ಒಪ್ಪಿಗೆ ಇರಲಿ. ಕದ್ದು ಮಾಡುವಂಥದ್ದು ನಮ್ಮಲ್ಲಿ ಏನೂ ಇಲ್ಲ.

ಮೂರು, ತಪ್ಪು ಮಾಡಿದಾಗ ಮಕ್ಕಳ ಹತ್ತಿರ ಕ್ಷಮೆ ಕೇಳಿ. ಇದು ಕಷ್ಟ, ನನಗೆ ಗೊತ್ತು. ಆ ಚಿತ್ರ ನೋಡಿದ ರಾತ್ರಿ ನಾನು ನನ್ನ ಮಗಳ ಹತ್ತಿರ ಕ್ಷಮೆ ಕೇಳಿದೆ. ಅವಳಿಗೆ ಯಾಕೆ ಅಂತಲೇ ಅರ್ಥ ಆಗಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆದಿಟ್ಟು ಮೊಣಕಾಲೂರಿದೆ. ಸ್ವಲ್ಪ ಹೊತ್ತಿಗೆ ಅವಳು ಬಂದಳು. ನೀರು ಬೇಕು ಅಂದಳು, ಕೊಟ್ಟೆ. ಆಮೇಲೆ ಬಂದು ಪಕ್ಕದಲ್ಲಿ ಕೂತಳು. ನನ್ನ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಅವಳು ಶುರು ಮಾಡಿದಳು. ಗಣಿತದ ಟೆಸ್ಟಿಗೆ, ಊರಲ್ಲಿರುವ ಅಜ್ಜಿಯ ಮಂಡಿ ನೋವಿಗೆ, ವಾಚ್‌ಮನ್ ಅಂಕಲ್ ಸಾಕಿರುವ ನಾಯಿಮರಿಗೆ ಪ್ರಾರ್ಥನೆ ಮಾಡಿದಳು. ಕೀರ್ತನೆ ಒಪ್ಪಿಸುವ ಧ್ವನಿ ಅಲ್ಲ ಅದು, ಅವಳ ಸ್ವಂತ ಧ್ವನಿ. ನಾನು ಆ ಧ್ವನಿಯನ್ನು ಮೊದಲ ಸಲ ಕೇಳಿದೆ.

ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ಇದ್ದ ನಂಬಿಕೆಯನ್ನು ಪೌಲನು ತಿಮೊಥೆಗೆ ನೆನಪು ಮಾಡಿದನು. ನಾಳೆ ನಮ್ಮ ಮಕ್ಕಳು ಯಾರ ಮುಖ ನೆನಪು ಮಾಡಿಕೊಳ್ತಾರೆ? ತಲೆ ಬಾಗಿಸೋಣ. ಮಕ್ಕಳು ಪಕ್ಕದಲ್ಲಿದ್ದರೆ ಅವರ ಕೈ ಹಿಡ್ಕೊಳ್ಳಿ.

ಪರಲೋಕದ ತಂದೆಯೇ, ನೀನು ನಮಗೆ ಕೊಟ್ಟ ಮಕ್ಕಳಿಗಾಗಿ ಸ್ತೋತ್ರ. ಅವರಿಗೆ ಬಾಗಿಲು ಮುಚ್ಚಿದ ದಿನಗಳನ್ನು ಕ್ಷಮಿಸು. ಈ ವಾರ ನಮ್ಮ ಮನೆಗಳಲ್ಲಿ ನಿನ್ನ ನಾಮ ಅವರ ಕಿವಿಗೆ ಬೀಳಲಿ, ನಿನ್ನ ಗುಣ ನಮ್ಮಲ್ಲಿ ಅವರ ಕಣ್ಣಿಗೆ ಬೀಳಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.